ಒಂದು ಕುರ್ಚಿ ಹಿಂದೆ ಕೂತ ವಜೀರಾ ಮೇಡಂ

ಸೆರೆಮನೆಯಿಂದ ಬಿಡುಗಡೆಯಾಗಿ ಬಂದವರಿಗೆ ಒಂದು ಕೆಲಸ, ತಲೆಯ ಮೇಲೊಂದು ಸೂರು, ನಾಲ್ಕು ಜನರ ನಡುವೆ ಕೂರುವ ಧೈರ್ಯ, ಇಷ್ಟನ್ನು ಹುಡುಕಿಕೊಡುವುದೇ ಉದ್ಯೋಗವಾಗಿರುವ ಜನರೂ ಇದ್ದಾರೆಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಪಾಠ ಹೇಳಿದ ಮೇಷ್ಟ್ರನ್ನು, ಜ್ವರ ಬಿಡಿಸಿದ ಡಾಕ್ಟರನ್ನು ಊರು ಬಾಯ್ತುಂಬ ಹೊಗಳುತ್ತದೆ. ಆದರೆ ಈ ಕ್ಷೇತ್ರದಲ್ಲಿ ದುಡಿದವರನ್ನು ಹೊಗಳಬೇಕಾದವರು ಬೀದಿಯಲ್ಲಿ ಎದುರಾದರೂ ತಲೆ ತಗ್ಗಿಸಿ ನಡೆದುಬಿಡುತ್ತಾರೆ. ಕೃತಜ್ಞತೆ ಹೇಳಹೊರಟರೆ ತಾವು ಎಲ್ಲಿಂದ ಬಂದವರೆಂಬುದನ್ನೂ ಹೇಳಬೇಕಾಗುತ್ತದಲ್ಲ! ರಾಮನಗರದ ‘ಹೊಸಿಲು’ ನೆರವು ಕೇಂದ್ರದಿಂದ ನಿವೃತ್ತರಾದ ಶ್ರೀಮತಿ ವಜೀರಾ ಅವರ ಅಭಿನಂದನ ಗ್ರಂಥಕ್ಕೆ ಲೇಖನ ಬೇಕೆಂದಾಗ ಅವರ ಸಹೋದ್ಯೋಗಿಗಳಾದ ನಮಗೆ ಎದುರಾದ ಕಷ್ಟವೂ ಇದೇ. ಕೊನೆಗೆ ಕನಕಪುರ ತಾಲ್ಲೂಕು ಉಯ್ಯಂಬಳ್ಳಿಯ ಅಂಕಮ್ಮನವರೇ ಕಚೇರಿಗೆ ಬಂದು, ತಮ್ಮ ಕಥೆಯನ್ನು ಹೆಸರು ಹಾಕಿಯೇ ಬರೆಯಿರಿ, ಮರೆಮಾಚಿದರೆ ಮೇಡಂ ಬೈಯುತ್ತಾರೆ ಎಂದರು. ಹೀಗೆ ಹುಟ್ಟಿದ್ದು ಈ ಲೇಖನ.

ವಜೀರಾ ಮೇಡಂ ಚನ್ನಪಟ್ಟಣದ ಬೊಂಬೆ ಕೆಲಸದ ಮನೆತನದವರು. ತಂದೆ ಪೀರ್ ಸಾಬರು ಹಾಲೆಮರದ ತುಂಡಿಗೆ ಅರಗಿನ ಬಣ್ಣ ಹತ್ತಿಸುವುದರಲ್ಲಿ ಪಳಗಿದ ಕೈ. ಮಗಳು ಸಮಾಜಕಾರ್ಯ ಓದಿ ಜೈಲಿನಿಂದ ಬಂದವರ ನಡುವೆ ಕೆಲಸ ಹಿಡಿದಾಗ ನೆಂಟರಿಷ್ಟರು ಮೂಗು ಮುರಿದರು. ಪೀರ್ ಸಾಬರು ಮಾತ್ರ, ಅವಳಿಗೆ ಸರಿ ಕಂಡದ್ದನ್ನು ಮಾಡಲಿ ಬಿಡಿ ಎಂದು ಅವರ ಬಾಯಿ ಮುಚ್ಚಿಸಿದರಂತೆ. ಮೊದಲು ಕನಕಪುರ, ಆಮೇಲೆ ಮಾಗಡಿ, ಕೊನೆಗೆ ರಾಮನಗರ, ಹೀಗೆ ಇಡೀ ಸೇವಾವಧಿಯನ್ನು ಅವರು ಬಸ್ಸಿನ ಕಿಟಕಿಯ ಪಕ್ಕದಲ್ಲೇ ಕಳೆದರೆಂದರೆ ಸುಳ್ಳಲ್ಲ. ಸಮಯಕ್ಕೆ ಮನೆಗೆ ಹೋದದ್ದನ್ನು ಮಾತ್ರ ನಾವ್ಯಾರೂ ಕಂಡಿಲ್ಲ. ಅವರನ್ನು ಕರೆದೊಯ್ಯಲು ಸಂಜೆ ಸ್ಕೂಟರಿನಲ್ಲಿ ಬರುವ ಪತಿ ಜಬ್ಬಾರ್ ಸಾಹೇಬರು ವರಾಂಡದ ಬೆಂಚಿನ ಮೇಲೆ ಪತ್ರಿಕೆ ಬಿಡಿಸಿ, ಟೆಂಡರ್ ಜಾಹೀರಾತುಗಳನ್ನೂ ಬಿಡದೆ ಓದಿ ಮುಗಿಸುತ್ತಿದ್ದರು. ನಮ್ಮ ಕಚೇರಿಯ ಪತ್ರಿಕೆಗೆ ಅಷ್ಟು ನಿಷ್ಠಾವಂತ ಓದುಗರು ಇನ್ನೊಬ್ಬರಿರಲಿಲ್ಲ.

ಮೇಡಂ ಅವರದು ಒಂದು ವಿಚಿತ್ರ ಪದ್ಧತಿ. ಯಾರನ್ನೇ ಕೆಲಸಕ್ಕೆ ಸೇರಿಸಲು ಕರೆದೊಯ್ಯಲಿ, ಅವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ತಾವು ಒಂದು ಕುರ್ಚಿ ಹಿಂದೆ ಕೂತು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಮಾಲೀಕರು ಸಿಡಿಮಿಡಿಗೊಂಡು, ಕರೆತಂದವರು ನೀವು, ನೀವೇ ಮಾತಾಡಿ ಎಂದರೂ ಸೀರೆಯ ನೆರಿಗೆ ಸರಿಪಡಿಸುತ್ತಲೋ ಗೋಡೆಯ ಕ್ಯಾಲೆಂಡರ್ ನೋಡುತ್ತಲೋ ಕೂತಿರುತ್ತಿದ್ದರು. ಇದರಿಂದ ಕೈತಪ್ಪಿದ ಕೆಲಸಗಳೂ ಉಂಟು, ನಾವು ಅವರ ಮೇಲೆ ರೇಗಿದ್ದೂ ಉಂಟು. ನಾನು ಹೇಳಿದರೆ ಅದು ಶಿಫಾರಸು, ಅವರೇ ಹೇಳಿದರೆ ಅದು ಅವರ ಬಾಳು ಎಂಬುದು ಅವರ ಉತ್ತರವಾಗಿತ್ತು. ಆ ಹಟವನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಅಂಕಮ್ಮನವರು ಹೊಸಿಲಿಗೆ ಬಂದದ್ದು ಕೆಲವು ವರ್ಷಗಳ ಕೆಳಗೆ. ಹೊಲದ ಬದುವಿನ ಜಗಳದಲ್ಲಿ ಅವರ ಕೈಯ ಏಟಿಗೆ ಮೈದುನನ ಜೀವ ಹೋಗಿತ್ತು. ಅದಕ್ಕೆ ಕೋರ್ಟು ವಿಧಿಸಿದ ಶಿಕ್ಷೆಯನ್ನು ಪೂರ್ತಿಯಾಗಿ ಅನುಭವಿಸಿ ಬಂದಿದ್ದರು. ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಇನ್ನೂ ನಡಿಗೆ ಕಲಿಯುತ್ತಿದ್ದ ಮಗಳು ಚೈತ್ರಾಳನ್ನು ಮಾಗಡಿ ಕಡೆಯ ಕುದೂರಿನಲ್ಲಿದ್ದ ಅಕ್ಕ ಬೋರಮ್ಮ ಎತ್ತಿಕೊಂಡು ಹೋಗಿ ಸಾಕಿದ್ದರು. ಆ ಹುಡುಗಿ ಅಷ್ಟು ಹೊತ್ತಿಗೆ ಕಾಲೇಜು ಓದುತ್ತಿದ್ದಳು, ತಾಯಿಯ ಮುಖ ನೋಡಲು ಒಪ್ಪುತ್ತಿರಲಿಲ್ಲ. ಏನು ಬೇಕೆಂದು ಮೇಡಂ ಕೇಳಿದಾಗ ಅಂಕಮ್ಮ ಕೇಳಿದ್ದು ಒಂದನ್ನೇ: ತಾನು ದುಡಿದು ಹಿಡಿದ ಮನೆಗೆ ಮಗಳು ಒಂದು ಸಲ ಬಂದು, ತಾನು ಮಾಡಿದ ಅನ್ನ ಉಣ್ಣಬೇಕು.

ಮೇಡಂ ಅಂಕಮ್ಮನನ್ನು ಕರೆದೊಯ್ದದ್ದು ಜಹೀದಾ ಎಂಬವರ ರೇಷ್ಮೆ ನೂಲು ಬಿಚ್ಚುವ ಘಟಕಕ್ಕೆ. ಹಿಂದಿನ ಕುರ್ಚಿಯ ಮೌನ ಅಲ್ಲಿಯೂ ನಡೆಯಿತು. ಜಹೀದಾ ಅವರು ಮೇಡಂ ಮುಖ ನೋಡಿದರು, ಮೇಡಂ ಕ್ಯಾಲೆಂಡರ್ ನೋಡಿದರು. ಕೊನೆಗೆ ಅಂಕಮ್ಮನವರೇ ಬಾಯಿ ತೆರೆದರು.

“ಏಟು ನಾನೇ ವೊಡ್ದಿದ್ದು ತಾಯಿ. ಜೈಲಲ್ಲಿದ್ದು ಬಂದಿವ್ನಿ. ವುಳ ಸಾಕಿ ಗೊತ್ತೈತೆ, ನೂಲು ಒಸಿ ಕಲಿಸ್ಕೊಟ್ರೆ ಮಾಡ್ತೀನಿ.”

ಹೀಗೆ ನೆಟ್ಟಗೆ ಹೇಳಿದವರನ್ನು ವಾಪಸು ಕಳಿಸಲು ಮನಸ್ಸಾಗಲಿಲ್ಲವೆಂದು ಜಹೀದಾ ಈಗಲೂ ಹೇಳುತ್ತಾರೆ.

ಅಂಕಮ್ಮ ಬೇಗ ಪಳಗಿದರು. ಬಿಸಿನೀರಿನಲ್ಲಿ ಕುಣಿಯುವ ಗೂಡಿನ ಎಳೆಯನ್ನು ಅವರ ಬೆರಳು ತಾನಾಗಿ ಹಿಡಿಯತೊಡಗಿತು. ಆದರೆ ಸಂಜೆ ಕೆಲಸ ಬಿಟ್ಟು ಉಳಿದ ಹೆಂಗಸರು ಕೈತೊಳೆದು ಹೊರಟರೆ, ಅಂಕಮ್ಮ ಮಾತ್ರ ಗೂಡಿನ ಮೂಟೆಗಳ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು, ಮಂಡಿಯ ಮೇಲೆ ಕೈಯಿಟ್ಟು ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು. ಜೈಲಿನಲ್ಲಿ ಸಂಜೆ ಕೈದಿಗಳ ತಲೆ ಎಣಿಕೆ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಅಷ್ಟು ವರ್ಷ ಹಾಗೆ ಕೂತ ಮೈ, ಬಿಡುಗಡೆಯ ಆದೇಶ ಬಂತೆಂದು ಅದನ್ನು ಮರೆಯುತ್ತದೆಯೇ? ವಿಷಯ ತಿಳಿದ ಮೇಡಂ ಒಂದು ಉಪಾಯ ಹೂಡಿದರು. ದಿನವೂ ಸಂಜೆ ಜಹೀದಾ ಬಂದು, “ಎಣಿಕೆ ಆಯ್ತು, ಮನೆಗೆ ಹೋಗಿ” ಎನ್ನಬೇಕು. ಜಹೀದಾ ಹಾಗೇ ಮಾಡಿದರು, ಅಂಕಮ್ಮನೂ ನಿರಾಳವಾಗಿ ಎದ್ದು ಹೋಗತೊಡಗಿದರು. ನಾವೆಲ್ಲ ಈ ಜಾಣತನಕ್ಕೆ ತಲೆದೂಗಿದೆವು.

ಇದರ ನಡುವೆ ಮೇಡಂ ಮತ್ತೆ ಮತ್ತೆ ಕುದೂರಿಗೆ ಹೋಗಿಬಂದ ಮೇಲೆ, ಅಂತೂ ಚೈತ್ರಾ ಒಂದು ದಿನಕ್ಕೆ ಬರುತ್ತೇನೆಂದು ಒಪ್ಪಿದಳು. ಸಂಜೆ ರಾಮನಗರದ ಬಸ್ ನಿಲ್ದಾಣಕ್ಕೆ ತಾಯಿ ಬರಬೇಕು, ಅಲ್ಲಿಂದ ಇಬ್ಬರೂ ಮನೆಗೆ ಹೋಗುವುದೆಂದು ಮಾತಾಯಿತು. ಅಂಕಮ್ಮ ಬೆಳಗ್ಗೆಯೇ ಹುರುಳಿಕಾಳಿನ ಸಾರು ಮಾಡಿಟ್ಟು, ಹೊಸ ಸೀರೆ ಉಟ್ಟು ಕೆಲಸಕ್ಕೆ ಬಂದರು. ಅದೇ ದಿನ ಜಹೀದಾ ನೆಂಟರ ಮದುವೆಗೆಂದು ಚನ್ನಪಟ್ಟಣಕ್ಕೆ ಹೋಗಿದ್ದರು. ಸಂಜೆಯ ಆ ಒಂದು ಮಾತನ್ನು ಬೇರೆ ಯಾರಿಗಾದರೂ ಒಪ್ಪಿಸಬೇಕೆಂಬುದು ಅವರಿಗೂ ಹೊಳೆಯಲಿಲ್ಲ, ಮೇಡಂಗೂ ಹೊಳೆಯಲಿಲ್ಲ. ಹೊತ್ತು ಮುಳುಗುತ್ತ ಬಂದಾಗ ನಿಲ್ದಾಣದಿಂದ ಚೈತ್ರಾ ಕಚೇರಿಗೆ ಫೋನ್ ಮಾಡಿ, ನಿಮ್ಮ ಅಂಕಮ್ಮನವರು ಬರಲಿಲ್ಲ, ನಾನು ಮಾಗಡಿ ಬಸ್ಸು ಹತ್ತಿದ್ದೇನೆ, ಇನ್ನು ನನ್ನನ್ನು ಕರೆಯಬೇಡಿ ಎಂದಳು.

ಮೇಡಂ ಜಬ್ಬಾರ್ ಸಾಹೇಬರ ಕೈಯಿಂದ ಪತ್ರಿಕೆ ಕಿತ್ತು ಬೆಂಚಿನ ಮೇಲೆ ಹಾಕಿ, ಸ್ಕೂಟರಿನ ಹಿಂದೆ ಕೂತು ಘಟಕಕ್ಕೆ ಧಾವಿಸಿದರು. ಬಾಗಿಲು ಹಾರು ಹೊಡೆದಿತ್ತು. ರಾಟೆಯ ಮೇಲಿನ ಹಸಿ ನೂಲು ಒಣಗಲೆಂದು ಬೀಗ ಹಾಕದೆ ಹೆಂಗಸರು ಹೊರಟುಹೋಗಿದ್ದರು. ತೆರೆದ ಬಾಗಿಲಿಗೆ ಎದುರಾಗಿ, ಹೊಸ ಸೀರೆಯಲ್ಲಿ, ಮಂಡಿಯ ಮೇಲೆ ಕೈಯಿಟ್ಟು ಅಂಕಮ್ಮ ಕೂತಿದ್ದರು. ಅವರ ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು. ಮೇಡಂ ಆ ನೆಲದ ಮೇಲೆಯೇ ಅವರ ಪಕ್ಕದಲ್ಲಿ ಕೂತರು.

“ತಪ್ಪು ನಂದು ಅಂಕಮ್ಮ,” ಎಂದರಂತೆ. “ನಿಮ್ಮ ಬಾಗ್ಲು ತೆಗಿಯೋ ಕೆಲ್ಸ ನಿಮ್ಗೆ ಕಲಿಸೋದ್ ಬಿಟ್ಟು, ಅದನ್ನ ಇನ್ನೊಬ್ರ ಬಾಯಿಗೆ ಕೊಟ್ಬಿಟ್ಟೆ.”

ಅಧಿಕಾರದಲ್ಲಿದ್ದವರು ತಪ್ಪೊಪ್ಪಿಕೊಂಡದ್ದನ್ನು ತಾನು ಕೇಳಿದ್ದು ಅದೇ ಮೊದಲೆಂದು ಅಂಕಮ್ಮ ಹೇಳುತ್ತಾರೆ.

ಮರುದಿನ ಇಬ್ಬರೂ ಕುದೂರಿಗೆ ಹೋದರು. ಬೋರಮ್ಮ ನಡುಮನೆಯಲ್ಲಿ ಚಾಪೆ ಹಾಸಿದರು. ಅಂಕಮ್ಮ ಮುಂದೆ, ಮೇಡಂ ಎಂದಿನಂತೆ ಒಂದಿಷ್ಟು ಹಿಂದೆ. ತಾಯಿ ಘಟಕದಲ್ಲೇ ಉಳಿದಿದ್ದರೆಂದು ಕೇಳಿದ ಚೈತ್ರಾ ಅವರತ್ತ ತಿರುಗದೆ, ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತೇ ಎಂದು ಮೇಡಂ ಅವರನ್ನೇ ಕೇಳಿದಳು. ಹೌದು ಎಂಬ ಒಂದು ಸುಳ್ಳು ಸಾಕಿತ್ತು, ಹುಡುಗಿಯ ಕೋಪ ಅಲ್ಲೇ ಇಳಿಯುತ್ತಿತ್ತು. ನಮ್ಮಂಥವರಾಗಿದ್ದರೆ ಹೇಳಿಯೂ ಬಿಡುತ್ತಿದ್ದೆವು. ಮೇಡಂ ಅಂಕಮ್ಮನ ಬೆನ್ನು ನೋಡುತ್ತ ಸುಮ್ಮನಿದ್ದರು.

“ತೆಗ್ದೇ ಇತ್ತು ಕಣವ್ವ,” ಎಂದರು ಅಂಕಮ್ಮ. “ಯಾರೂ ತಡೀನಿಲ್ಲ. ನೀನು ಕಾಯ್ತಿದ್ದೀಯ ಅಂತ್ಲೂ ಗೊತ್ತಿತ್ತು. ಎಣ್ಕೆ ಆಗ್ದೆ ಏಳಕ್ಕೆ ಕಾಲು ಬರ್ನಿಲ್ಲ.”

ಎಣಿಕೆಯೆಂದರೇನೆಂದು ಹುಡುಗಿಗೆ ಅರ್ಥವಾಗಲಿಲ್ಲ. ಅಂಕಮ್ಮ ಎದ್ದು, ಆ ಮನೆಯ ಗೋಡೆಗೆ ಬೆನ್ನು ಕೊಟ್ಟು, ಮಂಡಿಯ ಮೇಲೆ ಕೈಯಿಟ್ಟು ಕೂತು, ಜೈಲಿನಲ್ಲಿ ಹೀಗೆ ಕೂತವರ ತಲೆ ಮುಟ್ಟಿ ಎಣಿಸುವವರೆಗೆ ಏಳುವಂತಿಲ್ಲವೆಂದು ತೋರಿಸಿದರು. ಚೈತ್ರಾ ನೋಡಿದಳು. ಬೋರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹುಡುಗಿ ಹತ್ತಿರ ಬಂದು ತಾಯಿಯ ತಲೆಯ ಮೇಲೆ ಕೈಯಿಟ್ಟಳು.

“ಒಂದು,” ಎಂದಳು. “ಆಯ್ತು. ಏಳವ್ವ.”

ಅವ್ವ ಎಂದು ಅವಳು ಕರೆದದ್ದು ಆವತ್ತೇ ಮೊದಲು. ಮುಂದಿನ ವಾರ ರಾಮನಗರಕ್ಕೆ ಬಂದು ಹುರುಳಿ ಸಾರಿನಲ್ಲಿ ಅನ್ನ ಉಂಡಳು. ಉಪ್ಪು ಒಸಿ ಹೆಚ್ಚಾಗಿತ್ತೆಂದು ಇವತ್ತಿಗೂ ತಾಯಿಯನ್ನು ರೇಗಿಸುತ್ತಾಳೆ.

ಮೇಡಂ ಅಲ್ಲಿಗೇ ನಿಲ್ಲಿಸಲಿಲ್ಲ. ಜಹೀದಾರೊಡನೆ ಮಾತಾಡಿ, ಸಂಜೆ ಎಲ್ಲರೂ ಹೊರಟರೇ ಎಂದು ನೋಡಿ ಘಟಕಕ್ಕೆ ಬೀಗ ಹಾಕುವ ಜವಾಬ್ದಾರಿಯನ್ನು ಅಂಕಮ್ಮನಿಗೇ ಕೊಡಿಸಿದರು. ಮೊದಮೊದಲು ಬೀಗ ಹಾಕಿದ ಮೇಲೂ ಎರಡೆರಡು ಸಲ ಎಳೆದು ನೋಡುತ್ತಿದ್ದರು. ಈಗ ಅವರೇ ಬಾಗಿಲಲ್ಲಿ ನಿಂತು ಹೆಂಗಸರನ್ನೆಲ್ಲ ಗದರಿಸಿ ಮನೆಗೆ ಅಟ್ಟುತ್ತಾರೆ, ಆಮೇಲೆ ಬೀಗ ಜಡಿದು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುತ್ತಾರೆ.

ಹೀಗೆ ಎದ್ದು ನಡೆದವರು ನಮ್ಮ ಸುತ್ತಿನ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಅನೇಕರಿದ್ದಾರೆ. ಬೇಕರಿಯಲ್ಲಿ, ಗ್ಯಾರೇಜಿನಲ್ಲಿ, ಬೊಂಬೆಯ ಲೇತ್ ಮುಂದೆ ತಲೆ ತಗ್ಗಿಸಿ ದುಡಿಯುವ ಅವರೆಲ್ಲರ ಪರವಾಗಿ ಈ ಗ್ರಂಥ ಮೇಡಂ ಅವರಿಗೆ ನಮಸ್ಕಾರ ಸಲ್ಲಿಸುತ್ತದೆ. ನಿವೃತ್ತಿಯ ನಂತರವೂ ಆಗಾಗ ಬಂದು ಹೊಸಬರಿಗೆ ಕೆಲಸ ಕಲಿಸುವುದಾಗಿ ಅವರು ಮಾತು ಕೊಟ್ಟಿದ್ದಾರೆ. ಆ ಹಿಂದಿನ ಕುರ್ಚಿಯನ್ನು ನಾವು ಯಾರಿಗೂ ಕೊಡುವುದಿಲ್ಲ. ಅದರಲ್ಲಿ ಕೂರಲು ಅವರಿಗೆ ತುಂಬು ಆಯುಸ್ಸೂ ಗಟ್ಟಿ ಆರೋಗ್ಯವೂ ಇರಲಿ, ಕ್ಯಾಲೆಂಡರ್‌ಗಳು ಬದಲಾಗುತ್ತಿರಲಿ, ಅವರು ನೋಡುತ್ತಿರಲಿ.

ಅವರ ಸೇವೆಯ ಕೊನೆಯ ದಿನದ ಒಂದು ಸಂಗತಿ ಹೇಳಿ ಮುಗಿಸಬೇಕು. ಹಾರ ತುರಾಯಿಗಳೆಲ್ಲ ಮುಗಿದು, ವರಾಂಡದಲ್ಲಿ ಜಬ್ಬಾರ್ ಸಾಹೇಬರು ಪತ್ರಿಕೆಯ ಕೊನೆಯ ಪುಟಕ್ಕೆ ಬಂದಿದ್ದರೂ ಮೇಡಂ ಒಳಗೆ ತಮ್ಮ ಮೇಜಿನ ಮುಂದೆ ಸುಮ್ಮನೆ ಕೂತಿದ್ದರು. ಎರಡೂ ಕೈ ಮಂಡಿಯ ಮೇಲಿತ್ತು. ಒಳಗೆ ಹೋಗಿ ಕರೆಯುವ ಧೈರ್ಯ ನಮಗಾರಿಗೂ ಆಗಲಿಲ್ಲ. ಘಟಕ ಮುಚ್ಚಿಕೊಂಡು ಬಂದ ಅಂಕಮ್ಮ ನಮ್ಮನ್ನೆಲ್ಲ ಸರಿಸಿ ಒಳಗೆ ಹೋಗಿ, ಅವರ ತಲೆಯ ಮೇಲೆ ಮೆಲ್ಲಗೆ ಕೈಯಿಟ್ಟರು.

“ಎಣ್ಕೆ ಆಯ್ತು ಮೇಡಂ,” ಎಂದರು. “ಎಲ್ರೂ ಅವ್ರೆ. ನೀವು ಮನೆಗೋಗಿ.”