ಕಾರ್ಡಿನಲ್ಲಿ ಖಾಲಿ ಬಿಟ್ಟ ಜಾಗ

ನನ್ನ ಅಕ್ಕನ ಮಗಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನೋಡಿದವರು ನಾಚಿಕೆಯ ಹುಡುಗಿ ಅಂದುಕೊಳ್ಳುತ್ತಾರೆ. ಅವಳು ನಾಚಿಕೆಯವಳಲ್ಲ, ಬಾಯಿಬಡಕಿ. ಅವಳ ಕೈ ಬಾಯಿಗೆ ಹೋಗುವಂತೆ ಮಾಡಿದವನು ನಾನು. ಇದನ್ನು ಕೊನೆಗೆ ಹೇಳಿದರೆ ಕತೆ ಕಟ್ಟಿದಂತಾಗುತ್ತದೆ, ಆದ್ದರಿಂದ ಮೊದಲೇ ಹೇಳಿಬಿಡುತ್ತಿದ್ದೇನೆ.

ನಾವು ಮಧುಗಿರಿಯವರು. ಅಕ್ಕನನ್ನು ಪಾವಗಡ ತಾಲ್ಲೂಕಿನಲ್ಲಿ, ವೈ.ಎನ್.ಹೊಸಕೋಟೆಯಿಂದ ಆಚೆ, ಆಂಧ್ರಕ್ಕೆ ಅಂಟಿಕೊಂಡಂತಿದ್ದ ಒಂದು ಹಳ್ಳಿಗೆ ಕೊಟ್ಟಿದ್ದರು. ತವರಿನಲ್ಲಿ ಹಿತ್ತಲ ಬಾವಿಯಿಂದ ನೀರು ಸೇದುತ್ತಿದ್ದವಳು ಅಲ್ಲಿ ಸಿಹಿನೀರಿನ ಬಾವಿಗೆ ಒಂದು ಮೈಲಿ ನಡೆಯಬೇಕಾಯಿತು. ಸೊಂಟದಲ್ಲೊಂದು ಬಿಂದಿಗೆ, ತಲೆಯ ಮೇಲೊಂದು. ಊರಿನ ಒಳಗೂ ಒಂದು ಬಾವಿ ಇತ್ತು, ಅದು ಸೌಳು ನೀರು. ಬಟ್ಟೆಗೆ, ದನಗಳಿಗೆ ಸರಿ, ಆದರೆ ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಆ ಊರಿನಲ್ಲಿ ನೀರಿಗೆ ಇದ್ದ ಪರೀಕ್ಷೆ ಅದೊಂದೇ. ಒಂದು ಹಿಡಿ ತೊಗರಿಬೇಳೆ ಹಾಕಿ ನೋಡುವುದು, ಬೆಂದರೆ ಕುಡಿಯುವ ನೀರು, ಬೇಯದಿದ್ದರೆ ಬಚ್ಚಲಿಗೆ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಕಂಪ್ಯೂಟರಿಗೆ ಲೆಕ್ಕ ಬರೆದುಕೊಡುವ ಕೆಲಸಕ್ಕೆ ಸೇರಿದೆ. ಅಲ್ಲಿಗೆ ಬಂದ ಒಂದು ಕೆಲಸ ಪಾವಗಡದ ಕಡೆಯ ಹಳ್ಳಿಗಳದು. ಪ್ರತಿ ಹಳ್ಳಿಯಲ್ಲೂ ಪರೀಕ್ಷೆಗೆಂದು ಮೂರು ನಾಲ್ಕು ಕೊಳವೆಬಾವಿ ಕೊರೆದಿದ್ದರು. ಕೈಪಂಪು ಮಾತ್ರ ಹಳ್ಳಿಗೆ ಒಂದೇ. ಯಾವ ಬಾವಿಗೆ ಪಂಪು ಕೂರಿಸಿದರೆ ಊರಿನ ಹೆಂಗಸರೆಲ್ಲ ಸೇರಿ ನಡೆಯುವ ದೂರ ಎಲ್ಲಕ್ಕಿಂತ ಕಡಿಮೆಯಾಗುತ್ತದೆ? ಅದನ್ನು ಯಂತ್ರ ಹೇಳಬೇಕು. ಒಂದು ಷರತ್ತು ಮಾತ್ರ ಇತ್ತು. ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದ್ದರೆ ಆ ಬಾವಿ ಎಷ್ಟೇ ಹತ್ತಿರವಿದ್ದರೂ ಬೇಡ. ಫ್ಲೋರೈಡ್ ನೆಲದಾಳದ ಕಲ್ಲಿನಿಂದ ನೀರಿಗೆ ಇಳಿಯುವ ಪದಾರ್ಥ. ಬಣ್ಣವಿಲ್ಲ, ರುಚಿಯಿಲ್ಲ. ಜಾಸ್ತಿಯಾದರೆ ಒಸಡಿನೊಳಗೆ ಬೆಳೆಯುತ್ತಿರುವ ಮಕ್ಕಳ ಹಲ್ಲನ್ನು ಕೆಡಿಸುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಯನ್ನೂ ಬಿಡುವುದಿಲ್ಲ.

ನೀರಿನ ಮಾದರಿ ತರಲು ನಾನೇ ಹೊರಟೆ. ಆ ಸೀಮೆಯವನು ಅಂತ ನಮ್ಮ ಪ್ರೊಫೆಸರರು ನನ್ನನ್ನೇ ಕಳಿಸಿದರು. ಅಕ್ಕನ ಮನೆಯ ಊಟ ನೆನೆಸಿಕೊಂಡು ನಾನೂ ಕುಣಿದುಕೊಂಡೇ ಹೋದೆ.

ಅಕ್ಕನ ಊರು ಕೊನೆಯದು. ಅಲ್ಲಿ ಮೂರು ಬಾವಿ ಕೊರೆದಿದ್ದರು. ಒಂದು ಶಾಲೆಯ ಹತ್ತಿರ, ಒಂದು ಕೆರೆಯ ಕೆಳಗೆ, ಇನ್ನೊಂದು ಅಕ್ಕನ ಬೀದಿಯ ತಲೆಯಲ್ಲಿ. ನಾನು ಮಾಡುವ ಕೆಲಸ ಏನೆಂದು ಅಕ್ಕ ಕೇಳಿದಳು. ಪಡಸಾಲೆಯ ನೆಲದ ಮೇಲೆ ಹುಣಸೆಬೀಜ ಹರಡಿ ಒಂದೊಂದನ್ನೂ ಒಂದೊಂದು ಮನೆ ಮಾಡಿದೆ, ಮೂರು ಕಲ್ಲು ಇಟ್ಟು ಬಾವಿ ಮಾಡಿದೆ. ಯಾವ ಕಲ್ಲಿಗೆ ಎಲ್ಲ ಬೀಜಗಳೂ ಹತ್ತಿರವೋ ಅದನ್ನು ಹುಡುಕುವುದೇ ಕೆಲಸ ಅಂದೆ.

"ಅಷ್ಟಕ್ಕೆ ಮಿಷನ್ ಯಾಕ್ಲಾ? ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?" ಅಂದ ಅಕ್ಕ ತನ್ನ ಬೀದಿಯ ಕಲ್ಲನ್ನು ಇನ್ನೊಂದು ಗೇಣು ಎಳೆದು ತನ್ನ ಮನೆಯ ಬೀಜದ ಪಕ್ಕಕ್ಕೇ ಇಟ್ಟುಕೊಂಡಳು. ಆಗ ಅವಳಿಗೆ ಐದು ತಿಂಗಳು. ಇಬ್ಬರೂ ನಕ್ಕೆವು.

ಬಾಟಲಿಗಳ ಮರದ ಪೆಟ್ಟಿಗೆ ತುಂಬಿಹೋಗಿತ್ತು. ಅಕ್ಕನ ಬೀದಿಯ ನೀರು ತುಂಬಿದ ಕೊನೆಯ ಬಾಟಲಿಯನ್ನು ಅಡುಗೆಮನೆಯ ಗೂಡಿನಲ್ಲಿಟ್ಟೆ. ದಪ್ಪ ಗಾಜಿನ, ರಬ್ಬರ್ ಬಿರಡೆಯ ಒಳ್ಳೆಯ ಬಾಟಲಿ. ಬೆಳಿಗ್ಗೆ ಅಕ್ಕನೇ ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದಳು.

ಬಸ್ಸು ಮಧುಗಿರಿ ದಾಟಿ ಕೊರಟಗೆರೆಯಲ್ಲಿ ನಿಂತಾಗ ಚೀಲದಿಂದ ಘಮ್ಮೆಂದು ತುಪ್ಪದ ವಾಸನೆ ಬಂತು. ಬಿಚ್ಚಿ ನೋಡಿದರೆ ಬಾಟಲಿಯ ತುಂಬ ಹೊಸದಾಗಿ ಕಾಯಿಸಿದ ಎಮ್ಮೆ ತುಪ್ಪ! ಅಂಥ ಬಾಟಲಿಯಲ್ಲಿ ಬರೀ ನೀರು ಹೊತ್ತುಕೊಂಡು ಹೋಗುವ ದಡ್ಡನನ್ನು ಅವಳು ಕಂಡಿರಲಿಲ್ಲ. ನೀರು ಚೆಲ್ಲಿ, ಬಾಟಲಿ ಒರೆಸಿ ಒಣಗಿಸಿ, ತಮ್ಮನಿಗೆ ತುಪ್ಪ ತುಂಬಿದ್ದಳು. ನನಗೆ ಸಿಟ್ಟು ಬರಲಿಲ್ಲ. ಬಸ್ಸಿನಲ್ಲಿ ಒಬ್ಬನೇ ನಕ್ಕೆ. ಆ ತುಪ್ಪವನ್ನು ಒಂದು ತಿಂಗಳು ಬಿಸಿ ಮುದ್ದೆಗೆ ಹಾಕಿಕೊಂಡು ತಿಂದೆ.

ಇಲ್ಲಿಯವರೆಗೆ ಯಾರ ತಪ್ಪೂ ಇಲ್ಲ. ಮುಂದಿನದು ನನ್ನದು.

ಮತ್ತೆ ಹೋಗಿ ಒಂದು ಬಾಟಲಿ ನೀರು ತರಬಹುದಾಗಿತ್ತು. ಹೋಗಲು ಒಂದು ದಿನ, ಬರಲು ಒಂದು ದಿನ. ನನಗೆ ಮೈ ಬಗ್ಗಲಿಲ್ಲ, ಅಷ್ಟೇ. ಕಂಪ್ಯೂಟರಿನ ಮುಂದೆ ನಮ್ಮ ಸರದಿ ಬರುತ್ತಿದ್ದದ್ದು ವಾರಕ್ಕೊಮ್ಮೆ, ಅದು ತಪ್ಪುತ್ತದೆ ಎಂಬ ನೆಪವನ್ನೂ ನನಗೆ ನಾನೇ ಹೇಳಿಕೊಂಡೆ. ಆಗ ಲೆಕ್ಕದ ಅಂಕಿಗಳನ್ನು ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಕೊರೆದು ಯಂತ್ರಕ್ಕೆ ಉಣಿಸುತ್ತಿದ್ದೆವು. ಬಾವಿಗೆ ಒಂದು ಕಾರ್ಡು. ಅಕ್ಕನ ಬೀದಿಯ ಬಾವಿಯ ಕಾರ್ಡಿನಲ್ಲಿ ಫ್ಲೋರೈಡಿನ ಅಂಕಿ ಇರಬೇಕಾದ ಜಾಗವನ್ನು ಖಾಲಿ ಬಿಟ್ಟೆ.

ಖಾಲಿ ಬಿಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಆ ಯಂತ್ರ ಖಾಲಿ ಜಾಗವನ್ನು ಸೊನ್ನೆ ಎಂದು ಓದುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತ ಪಾಠ ಅದು. 'ಗೊತ್ತಿಲ್ಲ' ಎಂಬುದು ಅದಕ್ಕೆ 'ಇಲ್ಲ' ಆಗಿಬಿಡುತ್ತದೆ. ಆ ತಾಲ್ಲೂಕಿನಲ್ಲಿ ಫ್ಲೋರೈಡ್ ಸೊನ್ನೆ ಇರುವ ನೀರು ಎಲ್ಲಿದ್ದೀತು? ಆದರೂ ಅಕ್ಕನ ಬೀದಿಯ ನೀರು ಎಲ್ಲ ನೀರಿಗಿಂತ ಚೊಕ್ಕಟವಾಗಿ ಹೊರಬಂತು. ಕೆರೆಯ ಕೆಳಗಿನದು ಮಿತಿ ದಾಟಿತ್ತು. ಶಾಲೆಯ ಹತ್ತಿರದ ಬಾವಿ ಮಿತಿಯೊಳಗೇ ಇತ್ತು, ಆದರೆ ಸ್ವಲ್ಪ ದೂರ. ಯಂತ್ರ ಅಕ್ಕನ ಬೀದಿಯನ್ನು ಆರಿಸಿತು.

"ಎಲ್ಲಾ ಅಂಕಿಗಳೂ ಬಂದಿವೆಯೇನಪ್ಪ?" ಎಂದು ಪ್ರೊಫೆಸರರು ಕಾಗದ ಕೈಗೆತ್ತಿಕೊಳ್ಳುತ್ತಾ ಕೇಳಿದರು.

"ಬಂದಿವೆ ಸರ್," ಅಂದೆ.

ಆ ಎರಡು ಮಾತನ್ನು ಎಷ್ಟು ವರ್ಷ ತಿರುವಿ ಹಾಕಿದ್ದೇನೋ. ಸೋಮಾರಿತನದಿಂದ ಹೇಳಿದೆನೆ? ಅಥವಾ ಪಂಪು ಅಕ್ಕನ ಬೀದಿಗೇ ಹೋಗಲಿ ಎಂಬ ಆಸೆ ಒಳಗೆಲ್ಲೋ ಕೂತಿತ್ತೆ? ಇರಲಿಲ್ಲ ಎಂದು ಆಣೆ ಮಾಡಲಾರೆ.

ಪಂಪು ಬಂತು. ಊರವರು ಅದಕ್ಕೆ ಅರಿಸಿನ ಕುಂಕುಮ ಇಟ್ಟು ತೆಂಗಿನಕಾಯಿ ಒಡೆದರು. 'ಬೋರಿಂಗು' ಎಂದು ಹೆಸರಾಯಿತು. ಅಕ್ಕನ ಅತ್ತೆ, ಗಡಿಯಾಚೆಯ ತೆಲುಗು ಮನೆಯಿಂದ ಬಂದ ಗಟ್ಟಿ ಹೆಂಗಸು, ಮೊದಲ ಬಿಂದಿಗೆಯ ನೀರಿನಲ್ಲೇ ಬೇಳೆ ಬೇಯಲು ಇಟ್ಟರು. ಬೇಳೆ ಬೆಣ್ಣೆಯ ಹಾಗೆ ಬೆಂದಿತು. ಅವರು ಸೌಟಿನಲ್ಲಿ ಎತ್ತಿ ನನಗೆ ತೋರಿಸಿ, "ಚೂಡಪ್ಪಾ, ಸಿಹಿ ಬಾವಿ ನೀರಿಗಿಂತ ಬಾಗುಂದಿ! ನಿಮ್ಮ ಮಿಷನ್ನು ಚಾಲಾ ಬುದ್ಧಿವಂತ ಮಿಷನ್ನು," ಅಂದರು. ಫ್ಲೋರೈಡ್ ಹೆಚ್ಚಿರುವ ನೀರು ಎಷ್ಟೋ ಸಲ ಮೆದು ನೀರು, ಅದರಲ್ಲಿ ಬೇಳೆ ಚೆನ್ನಾಗಿಯೇ ಬೇಯುತ್ತದೆ. ಇದನ್ನು ನಾನು ತಿಳಿದದ್ದು ಬಹಳ ತಡವಾಗಿ. ಊರಿನ ಪರೀಕ್ಷೆಯೂ ನನ್ನ ಪರೀಕ್ಷೆಯೂ ಒಂದೇ ಬಾವಿಗೆ ಸೈ ಅಂದವು. ಒಂದು ಮೈಲಿ ದೂರದ ಬಾವಿಗೆ ಹೋಗುವವರು ಇಲ್ಲವಾಗಿ ಆ ದಾರಿಯಲ್ಲಿ ಜಾಲಿ ಬೆಳೆಯಿತು.

ಪಂಪು ಬಂದ ಎರಡು ತಿಂಗಳಿಗೆ ಮಗು ಹುಟ್ಟಿತು. ಹೆಣ್ಣು. ಅದರ ಹಾಲುಹಲ್ಲು ಮಲ್ಲಿಗೆ ಮೊಗ್ಗಿನಂತಿದ್ದವು. ನಾನು ಹೋದಾಗಲೆಲ್ಲ ನನ್ನ ಬೆರಳು ಕಚ್ಚಿ ಕಿಲಕಿಲ ನಗುತ್ತಿತ್ತು.

ಆಮೇಲೆ ನಾನು ದೊಡ್ಡ ಮನುಷ್ಯನಾದೆ. ಎಂಬತ್ತರ ದಶಕದಲ್ಲಿ ನಮ್ಮ ಸಂಸ್ಥೆಗೆ ವೈದ್ಯರ ಕಡೆಯ ಕೆಲಸಗಳು ಬರತೊಡಗಿದವು. ಮಂಡಿಯ ಮೂಳೆಯ ಚಿತ್ರವನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಸೀಳಿ, ಮನುಷ್ಯ ಮೆಟ್ಟಿಲು ಹತ್ತುವಾಗ ಯಾವ ತ್ರಿಕೋನದ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಶಸ್ತ್ರಚಿಕಿತ್ಸೆಯವರು ಬಂದು ಬೆನ್ನು ತಟ್ಟುತ್ತಿದ್ದರು. ಊರಿಗೆ ಹೋಗುವುದು ಕಡಿಮೆಯಾಯಿತು. ಮೂರು ವರ್ಷ ಅಕ್ಕನ ಮುಖ ನೋಡಿರಲಿಲ್ಲ. ಮಗುವಿಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೋಗಿ ಇಳಿದೆ.

ಹಿತ್ತಲಿನಿಂದ ಅಳು ಕೇಳಿಸುತ್ತಿತ್ತು. ಅಕ್ಕ ಮಗಳ ಗದ್ದ ಹಿಡಿದು, ಇದ್ದಿಲಪುಡಿಗೆ ಉಪ್ಪು ಬೆರೆಸಿ ಹಲ್ಲು ತಿಕ್ಕುತ್ತಿದ್ದಳು. ಒಸಡಿನಿಂದ ರಕ್ತ ಬಂದಿತ್ತು. "ದಿನಾ ಹಲ್ಲು ಉಜ್ಜು ಅಂದ್ರೆ ಕಳ್ಳಾಟ ಆಡ್ತೀಯಾ? ಮೇಷ್ಟ್ರ ಮುಂದೆ ನನ್ನ ಮಾನ ಕಳೀತೀಯಲ್ಲೇ!" ಎಂದು ಬೆನ್ನಿಗೆ ಒಂದು ಕೊಟ್ಟಳು.

"ಉಜ್ಜಿದೀನಿ ಕಣಮ್ಮಾ, ನಿನ್ನಾಣೆಗೂ ಉಜ್ಜಿದೀನಿ," ಎಂದು ಮಗು ಬಿಕ್ಕುತ್ತಿತ್ತು.

ಹಾಲುಹಲ್ಲು ಬಿದ್ದು ಹೊಸದಾಗಿ ಬಂದ ಹಲ್ಲುಗಳನ್ನು ನಾನು ನೋಡಿದೆ. ಸುಣ್ಣದಂಥ ಬಿಳುಪು, ಅದರ ಮೇಲೆ ಅಡ್ಡಡ್ಡಲಾಗಿ ಕಂದು ಗೆರೆಗಳು. ಇದ್ದಿಲಿಗೂ ಉಪ್ಪಿಗೂ ಹೋಗುವ ಕೊಳೆಯಲ್ಲ ಅದು. ಅಕ್ಕ ತಿರುಗಿ, "ಬಂದ್ಬುಟ್ಟೆಯೇನ್ಲಾ! ಹೆಂಗೆ ಐತೆ ನೋಡು ನಿನ್ನ ಸೊಸೆ ಬಾಯಿ," ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಂಗಿಯ ಜೇಬು ಮುಟ್ಟಿಕೊಂಡೆ. ಅಲ್ಲಿ ಕಾರ್ಡೇನೂ ಇರಲಿಲ್ಲ.

ಆ ದಿನ ಬಾಯಿ ಬಿಡಲಿಲ್ಲ. "ಅವಳನ್ನ ಹೊಡೀಬೇಡ, ಅದು ಕೊಳೆಯಲ್ಲ," ಎಂದಷ್ಟೇ ಹೇಳಿ, ಬೋರಿಂಗಿನಿಂದ ಒಂದು ಬಾಟಲಿ ನೀರು ಹಿಡಿದುಕೊಂಡು ಹೇಡಿಯ ಹಾಗೆ ಬಸ್ಸು ಹತ್ತಿದೆ. ಹತ್ತು ದಿನಕ್ಕೆ ಪ್ರಯೋಗಾಲಯದಿಂದ ಅಂಕಿ ಬಂತು. ಮಿತಿಯನ್ನು ಎಷ್ಟೋ ದಾಟಿತ್ತು. ಅದನ್ನು ಹಿಡಿದುಕೊಂಡು ಪ್ರೊಫೆಸರರ ಮುಂದೆ ನಿಂತೆ, ಹಳೆಯ ಸುಳ್ಳನ್ನು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮೊದಲು ಆ ಮಗು ಆ ನೀರು ಕುಡಿಯೋದು ನಿಲ್ಲಿಸು, ಹೋಗು," ಅಂದರು. ಪಂಪನ್ನು ಶಾಲೆಯ ಹತ್ತಿರದ ಬಾವಿಗೆ ಬದಲಾಯಿಸಲು ಅರ್ಜಿ ಬರೆದೆವು. ಆದರೆ ಕೊರೆದು ಅಷ್ಟು ವರ್ಷ ಮುಟ್ಟದೆ ಬಿಟ್ಟ ಆ ಬಾವಿ ಮಣ್ಣು ಕುಸಿದು ಮುಚ್ಚಿಹೋಗಿತ್ತು.

ಹಾಗಾಗಿ ಅಕ್ಕನ ಮುಂದೆ ಕೂತು ಹೇಳಲೇಬೇಕಾಯಿತು. ಅದೇ ಪಡಸಾಲೆ. ಬೋರಿಂಗಿನ ನೀರು ವಿಷ, ಹಲ್ಲು ಇನ್ನು ಸರಿಹೋಗುವುದಿಲ್ಲ, ಕುಡಿಯುವುದು ನಿಲ್ಲಿಸಿದರೆ ಮೂಳೆಯಾದರೂ ಉಳಿದೀತು ಅಂದೆ. ಮಗಳು ಕಂಬಕ್ಕೆ ಒರಗಿ ಕೇಳುತ್ತಿದ್ದಳು.

"ಅಂಗಾದ್ರೆ ನಿಮ್ಮ ಮಿಷನ್ನು ಯಾಕ್ಲಾ ಇಲ್ಲೇ ಇಡಿ ಅಂತು?" ಅಂದಳು ಅಕ್ಕ.

ಈ ಪ್ರಶ್ನೆಗೆ ಉತ್ತರ ಎಷ್ಟೋ ದಿನದಿಂದ ಕಟ್ಟಿಟ್ಟುಕೊಂಡಿದ್ದೆ. 'ನಾನು ಖಾಲಿ ಬಿಟ್ಟೆ, ಸುಳ್ಳು ಹೇಳಿದೆ' ಎಂದು ಶುರು ಮಾಡಬೇಕಿತ್ತು. ಆದರೆ ಬಾಯಿಗೆ ಮೊದಲು ಬಂದ ಮಾತು ಬೇರೆ. "ನಿನಗೆ ನೆನಪಿದೆಯೇನಕ್ಕ, ಒಂದು ಸಲ ಬಾಟಲಿ ನೀರು ಚೆಲ್ಲಿ ತುಪ್ಪ ಹಾಕಿ ಕೊಟ್ಟಿದ್ದೆ..."

ಅಷ್ಟು ಸಾಕಾಯಿತು. ಮಿಕ್ಕಿದ್ದನ್ನೆಲ್ಲ ಹೇಳಿದೆ. ಕಾರ್ಡು, ಸೊನ್ನೆ, ಪ್ರೊಫೆಸರರು, ನನ್ನ ಸೋಮಾರಿತನ. ತಪ್ಪು ನನ್ನದು, ನನ್ನದು ಎಂದು ನಾಲ್ಕು ಸಲ ಹೇಳಿದೆ. ಅವಳ ಕಿವಿಗೆ ಒಂದೂ ಬೀಳಲಿಲ್ಲ. ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಸೆರಗಿನಿಂದ ಅವಳ ಬಾಯಿ ಒರೆಸುತ್ತಾ, "ನಾನೇ ಚೆಲ್ಬುಟ್ನಲ್ಲಾ... ಬಚ್ಚಲಿಗೆ ಸುರಿದೆ ಕಣ್ಲಾ, ನನ್ನ ಕೈಯಾರೆ," ಅನ್ನುತ್ತಲೇ ಇದ್ದಳು. ಹಲ್ಲಿಗಾಗಿ ಮಗಳಿಗೆ ಕೊಟ್ಟ ಏಟುಗಳನ್ನೂ ಅದಕ್ಕೇ ಸೇರಿಸಿಕೊಂಡು ಅತ್ತಳು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವನು ನಾನು, ಉಣ್ಣುತ್ತಿದ್ದವರು ಅವರಿಬ್ಬರು. ಹಲ್ಲಿನ ಪಾಪವಾದರೂ ನನಗೆ ತಿಳಿಯದ ಹಾಗೆ ಒಳಗೊಳಗೇ ಬೆಳೆದದ್ದು. ತುಪ್ಪದ ಮಾತನ್ನು ಮೊದಲು ಎತ್ತಿದ್ದು ಮಾತ್ರ ಕಣ್ಣು ಬಿಟ್ಟುಕೊಂಡು ಮಾಡಿದ ಪಾಪ. ನನ್ನ ಭಾರದಲ್ಲಿ ಒಂದು ಪಾಲನ್ನು ಅವಳ ತಲೆಗೆ ದಾಟಿಸಲೆಂದೇ ನಾನು ಅಲ್ಲಿಂದ ಶುರು ಮಾಡಿದ್ದೆ.

ಮಾರನೆಯ ಬೆಳಿಗ್ಗೆ ಅಕ್ಕ ನನಗಿಂತ ಮೊದಲೇ ಎದ್ದಿದ್ದಳು. ಜಾಲಿ ಬಿಡಿಸಿಕೊಂಡು ಒಂದು ಮೈಲಿ ದೂರದ ಹಳೆಯ ಬಾವಿಗೆ ಹೋಗಿ, ನಾನು ತಂದಿದ್ದ ಖಾಲಿ ಬಾಟಲಿಯನ್ನು ಮೂರು ಸಲ ತೊಳೆದು, ನೀರು ತುಂಬಿಸಿಕೊಂಡು ಬಂದಳು. ಕಾಲಿನ ತುಂಬ ಮುಳ್ಳು ಗೀರಿದ ಗಾಯ. "ಇದನ್ನ ನೋಡ್ಸು. ಮಗೀಗೆ ಕುಡಿಸ್ಬೋದಾ ಕೇಳು," ಅಂದಳು.

ಬಸ್ಸು ನಿಲ್ಲುವ ಕಟ್ಟೆಯವರೆಗೂ ಅಕ್ಕ, ಮಗಳು ಇಬ್ಬರೂ ಬಂದರು. ಬಾಟಲಿಯನ್ನು ನನ್ನ ಚೀಲಕ್ಕೆ ಹಾಕಲು ಹೋದೆ, ಅಕ್ಕ ಕೊಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಎರಡು ಕೈಯಲ್ಲೂ ಬಿಗಿಹಿಡಿದು ಕೂತಿದ್ದಳು. ನಾನು ಬೆಂಗಳೂರಿನ ಎರಡಂತಸ್ತಿನ ಬಸ್ಸಿನ ಬಗ್ಗೆ ಏನೋ ಹೇಳಿದೆ. ಮಗು ನಕ್ಕಿತು, ನಕ್ಕೊಡನೆ ಕೈ ಬಾಯಿಗೆ ಹೋಯಿತು. ಅದನ್ನು ನೋಡಿದ ಅಕ್ಕ ಮುಖ ಆಚೆ ತಿರುಗಿಸಿದಳು.

ಬಸ್ಸು ಬಂತು. ಕಿಟಕಿಯಿಂದ ಬಾಟಲಿ ಕೊಟ್ಟು, "ಒಳಗೆ ನೀರೇ ಐತೆ ಕಣ್ಲಾ. ಒಂದ್ಸಲ ನೋಡ್ಕೋ," ಅಂದಳು. ನೋಡುವ ಅಗತ್ಯವಿಲ್ಲ ಅಂದೆ. ಅವಳು ಕೇಳಲಿಲ್ಲ. ಬಸ್ಸು ಹೊರಟಿದ್ದರೂ ಜೊತೆಯಲ್ಲೇ ನಾಲ್ಕು ಹೆಜ್ಜೆ ಓಡಿಬಂದಳು. ನಾನು ಬಿರಡೆ ತೆಗೆದು, ಬಗ್ಗಿ ನೋಡಿ, ಹೌದು ನೀರೇ ಎಂದು ತಲೆಯಾಡಿಸಿದ ಮೇಲೆಯೇ ಅವಳು ನಿಂತದ್ದು.

ಹಳೆಯ ಬಾವಿಯ ನೀರು ಒಳ್ಳೆಯದೆಂದು ಗೊತ್ತಾಯಿತು. ಬೋರಿಂಗಿನ ನೀರು ಬಟ್ಟೆಗೆ ಮಾತ್ರ ಎಂದು ಊರವರಿಗೂ ಹೇಳಿದೆವು. ಅಕ್ಕ ಮತ್ತೆ ಒಂದು ಮೈಲಿ ನಡೆಯತೊಡಗಿದಳು, ಮಗಳೂ ಸಣ್ಣ ಬಿಂದಿಗೆ ಹಿಡಿದು ಜೊತೆಗೆ. ಈಗಲೂ ಆ ಊರಿಗೆ ಹೋದರೆ ಬರುವಾಗ ಹುರಳಿ, ಕಡಲೆಕಾಯಿ, ಹುಣಸೆಹಣ್ಣು ಎಲ್ಲ ಕಟ್ಟಿಕೊಡುತ್ತಾಳೆ. ತುಪ್ಪ ಮಾತ್ರ ಆಮೇಲೆ ಒಂದು ಸಲವೂ ಕೊಟ್ಟಿಲ್ಲ.