ವೈರು ಕಟ್ಟಿದ ದಸರೆ

ಕಂಪ್ಯೂಟರ್ ಮೇಜಿನ ಹಿಂದೆ ಕೂತ ಧೂಳಿಗೆ ಅದರದೇ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಬಿಸಿಯಾದ ಪ್ಲಾಸ್ಟಿಕ್ಕು, ಹಳೆಯ ಕಾಗದ, ಸತ್ತ ಜಿರಲೆ ಎಲ್ಲ ಸೇರಿದ ವಾಸನೆ. ಮೊನ್ನೆ ಹಬ್ಬಕ್ಕೆ ಮುಂಚೆ ವೈರುಗಳನ್ನು ಸರಿಪಡಿಸೋಣವೆಂದು ಮೇಜಿನ ಕೆಳಗೆ ತೂರಿದಾಗ ಅದು ಮೂಗಿಗೆ ಬಡಿಯಿತು. ಹಬ್ಬಕ್ಕೆಂದು ಬಂದಿದ್ದ ವೈನಿ, ಅಂದರೆ ನಮ್ಮಣ್ಣನ ಹೆಂಡತಿ, ಅಲ್ಲೇ ಕುರ್ಚಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಕೆಳಗಿಂದ ನನಗೆ ಕಾಣುತ್ತಿದ್ದುದು ಅವರ ಪಾದಗಳು ಮಾತ್ರ.

ಆ ವಾಸನೆ ನನ್ನನ್ನು ಬಿಟಿಎಂ ಲೇಔಟಿನ ಬಾಡಿಗೆ ಮನೆಗೆ ಎಳೆದೊಯ್ದಿತು. ಅದು ಫೋನ್ ಲೈನಿನಲ್ಲೇ ಇಂಟರ್ನೆಟ್ ಬರುತ್ತಿದ್ದ ಡಯಲ್-ಅಪ್ ಕಾಲ. ಗೋಡೆಯಿಂದ ಬಂದ ಫೋನ್ ವೈರು ಮೊದಲು ಮೋಡೆಮ್ಮಿಗೆ ಹೋಗಿ, ಅಲ್ಲಿಂದ ಇನ್ನೊಂದು ವೈರಿನ ಮೂಲಕ ಫೋನಿಗೆ ಬರಬೇಕು. ಧಾರವಾಡದ ಕಡೆಯಿಂದ ಬಂದವನು ನಾನು. ಹಗಲು ಕಚೇರಿ, ಸಂಜೆ ಮನೆಯಲ್ಲಿ ಯಾರ್ಯಾರದೋ ಥೀಸಿಸ್ಸಿನ ಟೈಪಿಂಗ್. ಮೇಜಿನ ಕೆಳಗೆ ವೈರುಗಳು ಚೆಲ್ಲಿದ ಶಾವಿಗೆಯ ಹಾಗೆ ಬಿದ್ದಿರುತ್ತಿದ್ದವು.

ಅಣ್ಣ ಚಿಕ್ಕಲಸಂದ್ರದಲ್ಲಿದ್ದ. ನನಗಿಂತ ಒಂಬತ್ತು ವರ್ಷ ದೊಡ್ಡವನು. ನಾನು ಊರಿಂದ ಬಂದ ಹೊಸತರಲ್ಲಿ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದು ಚೀಟಿ ಬರೆದು ಜೇಬಿಗಿಟ್ಟು ಕಳಿಸುತ್ತಿದ್ದವನು. ಪ್ರತಿ ರವಿವಾರ ಬನಶಂಕರಿಯಲ್ಲಿ ಬಸ್ಸು ಬದಲಿಸಿ ನಮ್ಮಲ್ಲಿಗೆ ಬರುತ್ತಿದ್ದ. ಹಾಗೆ ಬಂದ ಒಂದು ರವಿವಾರ, ಕಿಟಕಿ ತೆರೆಯಲು ಹೋದವನ ಕಾಲು ವೈರಿಗೆ ತೊಡರಿ ಪ್ಲಗ್ಗು ಕಿತ್ತು ಬಂತು. ಪರದೆ ಕಪ್ಪಾಯಿತು, ಇಪ್ಪತ್ತು ಪುಟ ಮಾಯವಾಯಿತು. ನಡುನಡುವೆ ಸೇವ್ ಮಾಡದ ಸೋಮಾರಿ ನಾನು, ಬೈಸಿಕೊಂಡವನು ಅಣ್ಣ.

“ನಿನಗ ಕಣ್ಣ ಕಾಣೂದಿಲ್ಲೇನು? ಬಂದಾಗೆಲ್ಲಾ ಏನರೆ ಒಂದು ಕೆಡಿಸಿ ಹೋಗ್ತಿ!”

ನನ್ನ ಹೆಂಡತಿಯ ಎದುರಿಗೇ ಅಂದೆ. “ಆತು, ಹೋಗ್ತೀನಿ ತಗೋ” ಎಂದು ಅಣ್ಣ ಚಪ್ಪಲಿ ಮೆಟ್ಟಿದ. ಒಲೆಯ ಮೇಲಿನ ಚಹಾ ಅಲ್ಲೇ ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ನೂರು ಸಲ ಬರೆದವನೇ ನಾನು. ಬರೆದದ್ದೆಲ್ಲ ತಲೆಗೆ ಹೋಗಬೇಕಲ್ಲ! ಎರಡು ತಿಂಗಳು ಮಾತಿಲ್ಲದೆ ಕಳೆಯಿತು.

ನಮ್ಮ ಕಡೆ ದಸರೆಯ ದಿನ ಬನ್ನಿ ಎಲೆ ಕೊಟ್ಟು “ಬಂಗಾರ ತಗೊಂಡು ಬಂಗಾರದಂಗ ಇರೂಣು” ಅನ್ನುತ್ತಾರೆ. ಎಂಥ ಜಗಳವೂ ಅಲ್ಲಿಗೆ ಮುಗಿಯಬೇಕು. ಚಿಕ್ಕವರು ದೊಡ್ಡವರಿದ್ದಲ್ಲಿಗೆ ಹೋಗಿ, ಎಲೆ ಕೊಟ್ಟು ಕಾಲಿಗೆ ಬೀಳಬೇಕು. ಎಂದರೆ ಹೋಗಬೇಕಾದವನು ನಾನೇ. ಆದರೆ ಅಣ್ಣ ಒಂದು ಫೋನ್ ಮಾಡಲಿ, ಆಮೇಲೆ ಹೋದರಾಯಿತು ಎಂದು ಬಿಗುಮಾನ ಮಾಡಿದೆ.

ಹಿಂದಿನ ದಿನ ಆಯುಧಪೂಜೆ. ಕಂಪ್ಯೂಟರಿಗೂ ಕುಂಕುಮ ಇಡಬೇಕಲ್ಲ! ವೈರುಗಳನ್ನೆಲ್ಲ ಕಳಚಿ, ಒರೆಸಿ, ಮತ್ತೆ ಸಿಗಿಸಿ, ಹೆಂಡತಿಯ ಹಳೆಯ ಲಂಗದ ಲಾಡಿಯಿಂದ ಒಟ್ಟಿಗೆ ಕಟ್ಟಿದೆ. ಕೆಳಗಿನ ಮನೆಯ ಓನರ್ ಆಂಟಿ ಕೋಸಂಬರಿ ಕೊಡಲು ಬಂದವರು, “ಎಷ್ಟ್ ನೀಟಾಗ್ ಕಟ್ಟಿದೀರಪ್ಪಾ, ಜಡೆ ಹೆಣೆದಂಗಿದೆ” ಎಂದರು. ನಾನು ಉಬ್ಬಿಹೋದೆ.

ದಸರೆಯ ದಿನ ಬೆಳಗಿನಿಂದ ಫೋನಿನ ಹತ್ತಿರವೇ ಸುಳಿದಾಡಿದೆ. ಅದು ಸದ್ದು ಮಾಡಲಿಲ್ಲ. ಇಷ್ಟೊಂದು ಸೊಕ್ಕೇ ಇವನಿಗೆ ಅಂದುಕೊಂಡೆ. ಮೂರನೆಯ ದಿನ ಹೆಂಡತಿ ತವರಿಗೆ ಮಾತಾಡಲೆಂದು ರಿಸೀವರ್ ಎತ್ತಿದರೆ ಅದು ಸತ್ತಿತ್ತು. ಮೋಡೆಮ್ಮಿನಿಂದ ಫೋನಿಗೆ ಹೋಗುವ ವೈರು ಉಳಿದ ವೈರುಗಳ ಜೊತೆ ಅಚ್ಚುಕಟ್ಟಾಗಿ ಕಟ್ಟಿಸಿಕೊಂಡು ಕೂತಿತ್ತು. ಅದರ ತುದಿಯನ್ನು ಮಾತ್ರ ನಾನು ಫೋನಿಗೆ ಸಿಗಿಸಿರಲಿಲ್ಲ. ತಕ್ಷಣ ಸಿಗಿಸಿದೆ. ಅಣ್ಣ ಮಾಡಿದ್ದರೆ ಮತ್ತೆ ಮಾಡುತ್ತಾನೆ ಬಿಡು ಎಂದುಕೊಂಡೆ. ಮಾಡಲಿಲ್ಲ.

ಯುಗಾದಿಗೆ ಮುಂಚೆಯೇ ಅಣ್ಣ ಹೃದಯಾಘಾತದಿಂದ ತೀರಿಕೊಂಡ. ಹದಿಮೂರನೆಯ ದಿನ ಊಟವೆಲ್ಲ ಮುಗಿದ ಮೇಲೆ ವೈನಿ ಹೇಳಿದರು: “ದಸರಿ ದಿವಸ ನಿಮ್ಮಣ್ಣ ನಿನಗ ನಾಕ್ ಸಲ ಫೋನ್ ಮಾಡಿದ್ರಪಾ. ಗಂಟಿ ಹೊಡೀತಿತ್ತು, ಯಾರೂ ಎತ್ತಲಿಲ್ಲ. ‘ಅವಗ ಇನ್ನೂ ಸಿಟ್ಟ ಇಳದಿಲ್ಲ’ ಅಂದು ಸುಮ್ಮನಾದ್ರು.”

ವೈರು ಕಳಚಿದ ಫೋನು ಇಲ್ಲಿ ಸತ್ತು ಬಿದ್ದಿದ್ದರೂ, ಅತ್ತ ಫೋನ್ ಮಾಡಿದವರ ಕಿವಿಗೆ ಗಂಟೆ ಕೇಳುತ್ತಲೇ ಇರುತ್ತದೆ. ವೈರಿನ ವಿಷಯ ಅಂದು ವೈನಿಗೆ ಹೇಳಲಿಲ್ಲ, ಆಮೇಲೆಯೂ ಯಾರಿಗೂ ಹೇಳಲಿಲ್ಲ. ತಪ್ಪು ನನ್ನದಲ್ಲ, ಒಂದು ವೈರಿನದು ಎಂದು ಇಷ್ಟು ವರ್ಷ ಒಳಗೊಳಗೇ ಸಮಾಧಾನ ಹೇಳಿಕೊಂಡು ಬದುಕಿದೆ. ಆ ಸಮಾಧಾನದಿಂದ ಒಂದು ದಿನವೂ ಸಮಾಧಾನವಾಗಲಿಲ್ಲ ಎನ್ನುವುದು ಬೇರೆ ಮಾತು.

ಮೊನ್ನೆ ಮೇಜಿನ ಕೆಳಗಿಂದಲೇ, ಮುಖ ನೋಡುವ ಪ್ರಮೇಯವಿಲ್ಲವೆಂಬ ಧೈರ್ಯದಲ್ಲಿ ಬಾಯಿಬಿಟ್ಟೆ.

“ವೈನಿ, ಆ ದಸರಿಗೆ ನಾ ಬೇಕಂತ ಫೋನ್ ಎತ್ತದ ಬಿಟ್ಟಿದ್ದಿಲ್ರಿ. ವೈರ್ ಹಾಕೂದು ಮರ್ತಿದ್ದೆ. ನಮ್ಮ ಫೋನ್ ಮೂರು ದಿವಸ ಬಂದ್ ಇತ್ತು.”

“ಹೌದ?” ಎಂದರು. ಇನ್ನೊಂದು ಬತ್ತಿ ಹೊಸೆದಿಟ್ಟರು. ಆಮೇಲೆ ಮೆತ್ತಗೆ, ಸಿಟ್ಟಿಲ್ಲದೆ ಹೇಳಿದರು:

“ಇರ್ಲಿ ಬಿಡಪಾ. ಆದರ ನಮ್ಮ ಮನಿ ಫೋನ್ ಚಾಲೂ ಇತ್ತಲ್ಲೋ.”

ಕಟ್ಟಬೇಕಾದ ವೈರುಗಳೆಲ್ಲ ಮುಗಿದಿದ್ದವು. ಆದರೂ ಊಟಕ್ಕೆ ಕರೆಯುವವರೆಗೆ ನಾನು ಮೇಜಿನ ಕೆಳಗೇ ಕೂತಿದ್ದೆ.