ಬರೀ ಹಂಚಿನ ಬಿಸಿ

ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಈ ಪರದೇಶದ ಕಾಗದಪತ್ರ ಒಂದೂ ತಿಳಿಯುತ್ತಿರಲಿಲ್ಲ. ಮನೆಯ ಬಿಸಿ ಏರಿಸಿ ಇಳಿಸುವ ಥರ್ಮೋಸ್ಟಾಟಿನ ಅಂಕಿ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಕೆಲಸಕ್ಕೆ ಹೊರಡುವಾಗ ಐವತ್ತೈದಕ್ಕೆ ಇಳಿಸುತ್ತಿದ್ದೆ. ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ, ಸ್ವೆಟರ್ ಹಾಕಿಕೊಂಡರೂ ನಡುಕ ಬಿಡದ ಅಂಕಿ ಅದು.

"ಇದನ್ನ ಮುಟ್ಟಬ್ಯಾಡ. ಎಣ್ಣಿ ಖಾಲಿ ಆದ್ರ ಟ್ರಕ್ಕಿನಾಂವ ರೊಕ್ಕಿಲ್ದ ಒಂದು ಹನಿ ಹಾಕೂದಿಲ್ಲ" ಎಂದು ತಂಗಿಗೆ ಹೇಳುತ್ತಿದ್ದೆ.

"ಹೂಂ ಅಕ್ಕಾ."

ಸಮರ್‌ಸೆಟ್ ಊರಿನ ಈ ಹಳೆಯ ಮನೆಗೆ, ನೆಲಮಾಳಿಗೆಯ ಟ್ಯಾಂಕಿನ ಎಣ್ಣೆ ಉರಿದರಷ್ಟೇ ಬಿಸಿ. ಎಲ್ಲೆಲ್ಲೂ ಕಂಪ್ಯೂಟರ್ ಕೆಲಸದ ಸುಗ್ಗಿ ಎನ್ನುತ್ತಿದ್ದ ಕಾಲ. ಆದರೂ ತಂಗಿಯ ಗಂಡನ ಪ್ರಾಜೆಕ್ಟ್ ಮುಗಿದು ಸಂಬಳ ನಿಂತಿತ್ತು. ಇಬ್ಬರೂ ನನ್ನ, ನನ್ನ ಗಂಡನ ಜೊತೆಗೇ ಇದ್ದರು. ಗಂಡಸರು ಹೊರಗೆ, ನಾನು ಒಂದು ಹೋಟೆಲಿನ ಅಡುಗೆಮನೆಯ ಬೆಚ್ಚನೆಯಲ್ಲಿ. ಹಗಲೆಲ್ಲ ಮನೆಯಲ್ಲಿ ಅವಳೊಬ್ಬಳೇ.

ಆ ಚಳಿಗಾಲ ಅವಳು ದಿನಾ ಜೋಳದ ರೊಟ್ಟಿ ಬಡಿದಳು. ಡಬ್ಬಿಗಳು ತುಂಬಿ, ಪರಿಚಯದವರಿಗೆಲ್ಲ ಕೊಟ್ಟರೂ ಉಳಿಯುವಷ್ಟು.

"ಊರಿಗೆಲ್ಲಾ ಲಗ್ನದ ಊಟಾ ಹಾಕತಿಯೇನ?" ಎಂದು ಕಾಡಿಸಿದರೆ, "ಕೈ ಸುಮ್ಮನಿರೂದಿಲ್ಲಕ್ಕಾ" ಎಂದು ನಗುತ್ತಿದ್ದಳು. ನನ್ನ ತಂಗಿ ಎಂಥ ಕೆಲಸಗಾತಿ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಒಂದು ದಿನ ಹಿಮ ಬಿದ್ದು ಹೋಟೆಲ್ ಬೇಗ ಮುಚ್ಚಿತು. ಮಧ್ಯಾಹ್ನವೇ ಮನೆಗೆ ಬಂದೆ. ಒಲೆಯ ಮೇಲೆ ಬರೀ ಹಂಚು ಕಾಯುತ್ತಿತ್ತು. ಹಿಟ್ಟಿನ ಡಬ್ಬಿ ಖಾಲಿ. ಅವ್ವ ಹೊಲಿದ ಕೌದಿ ಹೊದ್ದು, ಹಂಚಿನ ಮೇಲೆ ಎರಡೂ ಕೈ ಚಾಚಿಕೊಂಡು ಅವಳು ನಿಂತಿದ್ದಳು. ನನ್ನನ್ನು ಕಂಡದ್ದೇ ಕೈ ಹಿಂದಕ್ಕೆಳೆದುಕೊಂಡಳು.

"ಈಗರ ರೊಟ್ಟಿ ಬಡಿಯಾಕಿದ್ನಿ ಅಕ್ಕಾ."

ಅಷ್ಟು ದಿನದ ರೊಟ್ಟಿ ಯಾತಕ್ಕೆಂದು ನನಗೆ ಆಗ ತಿಳಿಯಿತು. ತಿಳಿದೂ, "ಬರೀ ಹಂಚಿಗೆ ಗ್ಯಾಸ್ ಯಾಕ ಸುಡ್ತಿ?" ಎಂದು ಒಲೆ ಆರಿಸಿದೆ. ಥರ್ಮೋಸ್ಟಾಟ್ ನಾಲ್ಕು ಹೆಜ್ಜೆ ದೂರದಲ್ಲಿತ್ತು. ನಾನು ಅತ್ತ ಹೋಗಲಿಲ್ಲ.

ಹಿಮ ಕರಗುವ ಹೊತ್ತಿಗೆ ಅವಳ ಗಂಡನಿಗೆ ಟೆಕ್ಸಾಸ್‌ನಲ್ಲಿ ಕೆಲಸ ಸಿಕ್ಕಿತು. ಹೋದರು.

ಈಗ ಚಳಿಗಾಲದಲ್ಲಿ ಥರ್ಮೋಸ್ಟಾಟ್ ಎಪ್ಪತ್ತೆರಡಕ್ಕಿಟ್ಟು, ಅವಳಿದ್ದ ಕೋಣೆಯ ಬಾಗಿಲನ್ನೂ ತೆರೆದಿಡುತ್ತೇನೆ. ದೀಪಾವಳಿ ದಾಟಿದರೆ ಸಾಕು, ಫೋನ್ ಮಾಡುತ್ತೇನೆ.

"ಸಂಕ್ರಾಂತಿಗೆ ಬಾರವ್ವಾ. ಮನಿ ಬೆಚ್ಚಗೈತಿ."

"ಬ್ಯಾಸಗಿಗೆ ಬರ್ತೀನಿ ಬಿಡಕ್ಕಾ."

ಬರುತ್ತಾಳೆ ಕೂಡ, ಜೂನಿನಲ್ಲಿ, ಕಿಟಕಿಗಳನ್ನೆಲ್ಲ ತೆರೆದಿಟ್ಟ ಮನೆಗೆ. ಆ ಮಧ್ಯಾಹ್ನದ ಮಾತನ್ನು ಅವಳೂ ಎತ್ತುವುದಿಲ್ಲ, ನನಗೂ ಬಾಯಿ ಬರುವುದಿಲ್ಲ. ಒಂದೇ ಒಂದು ಚಳಿಗಾಲ ಅವಳು ಈ ಮನೆಯಲ್ಲಿ ಕೈ ಮಡಚಿಕೊಂಡು ಸುಮ್ಮನೆ ಕೂತಿರಬೇಕು. ರೊಟ್ಟಿ ನಾನು ಬಡಿಯುತ್ತೇನೆ.